ನಾನು ಅತ್ಯಗತ್ಯನಾದದ್ದು

ಸಂಬಳ ಹೆಚ್ಚಿಸುವ ಮನಸ್ಸಿಲ್ಲದವರು ಪದವಿ ಕೊಡುತ್ತಾರೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಕುಂದಾಪುರದ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ, ಸಮುದ್ರ ದಾಟಿ ಮಲೇಷ್ಯಾದಲ್ಲಿ ಹೆಡ್ ಕುಕ್ ಆದವನು ನಾನು. ನನ್ನನ್ನು ಯಾರೂ ಕೈಹಿಡಿದು ಮೇಲೆ ಕೂರಿಸಿದ್ದಲ್ಲ. ಇಷ್ಟಾದರೂ ಯಾರಾದರೂ ಹೊಸದೊಂದು ಪದವಿ ಹೇಳಿ ಕರೆದರೆ ನನ್ನ ಎದೆ ತಾನಾಗಿ ಮುಂದೆ ಬಂದುಬಿಡುತ್ತದೆ. ಹೊಟ್ಟೆ ಮೊದಲೇ ಅದಕ್ಕಿಂತ ಮುಂದಿರುವುದರಿಂದ ಜನರಿಗೆ ಕಾಣುವುದಿಲ್ಲ, ಅಷ್ಟೇ.

ಕೊರೋನಾ ಬಂದ ವರ್ಷ ನಾನು ಆ ದೇಶದ ಉತ್ತರ ತುದಿಯ ಪುಟ್ಟ ದ್ವೀಪವೊಂದರ ರೆಸಾರ್ಟಿನಲ್ಲಿ ಅಡುಗೆಗಿದ್ದೆ. ಹೆಂಡತಿ ಶಾರದಾ, ಮದುವೆಯಾಗಿ ಎಷ್ಟೋ ಕಾಲಕ್ಕೆ ಹುಟ್ಟಿದ ಮಗಳು, ಇಬ್ಬರೂ ರಾಜಧಾನಿಯ ಪಕ್ಕದ ಪುಚೊಂಗಿನ ಮನೆಯಲ್ಲಿ. ಲಾಕ್‌ಡೌನ್ ಎಂದದ್ದೇ ಅತಿಥಿಗಳೆಲ್ಲ ಸಿಕ್ಕ ದೋಣಿ ಹತ್ತಿ ಓಡಿದರು. ಜಾಗ ನೋಡಿಕೊಳ್ಳಲೆಂದು ನಾವು ಕೆಲವರು ಉಳಿದೆವು. ವಾರಕ್ಕೊಮ್ಮೆ ಸಾಮಾನಿನ ದೋಣಿ ಬಿಟ್ಟರೆ ಹೊರಗಿನ ನರಪಿಳ್ಳೆ ಇಲ್ಲ. ನಮ್ಮ ಮ್ಯಾನೇಜರ್ ಮುನಿಯಾಂಡಿ ಅಲ್ಲಿಯ ತಮಿಳರು, ಸೈನ್ಯದಿಂದ ನಿವೃತ್ತರಾದವರು. ಸರ್ವಿಸಿನ ಅಷ್ಟೂ ಕಾಲ ಉಗ್ರಾಣದಲ್ಲಿ ಕೂತು ಬೂಟು ಕಂಬಳಿ ಹಂಚಿದ್ದ ಅವರಿಗೆ ಕೊನೆಗೂ ಒಂದು ಯುದ್ಧ ಸಿಕ್ಕಿತು.

"ಇದು ಯುದ್ಧಕಾಲ ತಂಬಿ. ಶತ್ರು ಕಣ್ಣಿಗೆ ಕಾಣೋದಿಲ್ಲ. ಶಿಸ್ತು ಬೇಕು ಲಾ," ಎಂದರು, ಆ ದೇಶದವರ ಮಾತಿನ ಬಾಲವಾದ 'ಲಾ' ಬಿಡದೆ. ಮರುದಿನದಿಂದಲೇ ಬೆಳಗಿನ ಹಾಜರಿ. ಅಂತರ ಕಾಯಬೇಕಲ್ಲ, ಒಬ್ಬೊಬ್ಬರು ಒಂದೊಂದು ತೆಂಗಿನ ಮರದ ಬುಡದಲ್ಲಿ ನಿಲ್ಲಬೇಕು. ಕಾಯಿ ತಲೆಗೆ ಬಿದ್ದರೆ ಯಾವ ಖಾತೆಗೆ ಬರೆಯುತ್ತೀರಿ ಎಂದು ನಾನು ಕೇಳಿದೆ. ದೋಣಿಕಟ್ಟೆಯ ಮೇಲೆ ಸರದಿ ಪಹರೆ. ಅಲ್ಲಿಗೆ ಬರುತ್ತಿದ್ದ ಶತ್ರುಗಳೆಂದರೆ ಮಂಗಗಳು ಮಾತ್ರ. ಅವಕ್ಕೆ ಜ್ವರ ನೋಡುವ ಯಂತ್ರ ತೋರಿಸಿದರೆ ಅದನ್ನೇ ಕಿತ್ತುಕೊಳ್ಳುತ್ತಿದ್ದವು.

ಎಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ಉಗ್ರಾಣ. ಸ್ಟೋರ್ ಕೀಪರ್ ಊರಿಗೆ ಹೋಗಿದ್ದರಿಂದ ಆ ಅಧಿಕಾರವನ್ನೂ ನನಗೇ ಕಟ್ಟಿದರು. ಅಡುಗೆಯವನು ಕೇಳಬೇಕು, ಉಗ್ರಾಣದವನು ಮಂಜೂರು ಮಾಡಬೇಕು. ಇಬ್ಬರೂ ನಾನೇ. "ಆಳು ಒಬ್ಬನೇ ಇರಬಹುದು, ಹುದ್ದೆ ಎರಡು," ಎಂದು ಮುನಿಯಾಂಡಿ ನನಗೆ ಎರಡು ಟೊಪ್ಪಿ ಕೊಟ್ಟರು, ಅಡುಗೆಗೆ ಬಿಳಿ, ಉಗ್ರಾಣಕ್ಕೆ ಕೆಂಪು. ಬಿಳಿ ಟೊಪ್ಪಿಯಲ್ಲಿ ಈರುಳ್ಳಿಗೆ ಚೀಟಿ ಬರೆದು, ಆಚೆ ಕೋಣೆಗೆ ಹೋಗಿ, ಕೆಂಪು ಟೊಪ್ಪಿ ಹಾಕಿ ಅದನ್ನು ಓದಬೇಕು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆದರೆ ಕೊಟ್ಟ ಕೆಲಸವನ್ನು ಅರ್ಧಂಬರ್ಧ ಮಾಡುವುದು ನನ್ನ ಜಾಯಮಾನವಲ್ಲ. ಬರಬರುತ್ತ ಅಡುಗೆಯವನ ಮೇಲೆ ನನಗೇ ಗುಮಾನಿ ಹುಟ್ಟಿತು. ಈ ಮನುಷ್ಯನಿಗೆ ಇಷ್ಟೊಂದು ಎಣ್ಣೆ ಯಾಕೆ? ಅರ್ಧಕ್ಕೆ ಇಳಿಸಿ ಸಹಿ ಹಾಕಿದೆ. ವಾಪಸು ಬಂದು ಬಾಣಲೆ ನೋಡಿ ಆ ಉಗ್ರಾಣದವನನ್ನು ಬಾಯಿಗೆ ಬಂದಂತೆ ಬೈದೆ.

ಹೀಗಿರುವಾಗ ಸಾಮಾನಿನ ದೋಣಿಯಲ್ಲಿ ಒಬ್ಬನನ್ನು ದಡಕ್ಕೆ ಕಳಿಸಲು ಪೊಲೀಸರ ಅನುಮತಿ ಸಿಕ್ಕಿತು. ಒಬ್ಬನೇ. ಯಾರು ಹೋಗಬೇಕೆಂಬುದು ಹಾಜರಿಯಲ್ಲಿ ತೀರ್ಮಾನವಂತೆ. ಅತ್ಯಗತ್ಯ ಸೇವೆಯವರು ಉಳಿಯಬೇಕು, ಅಗತ್ಯವಿಲ್ಲದವನು ಹೋಗಬಹುದು. ನಾನು ಶಾರದೆಗೆ ಫೋನ್ ಮಾಡಿದೆ. ಮಗಳು ಆ ವಾರವಷ್ಟೇ ನಡೆಯಲು ಕಲಿತಿದ್ದಳು. ವಿಡಿಯೋ ಕಾಲಿನ ಪರದೆಯಲ್ಲಿ ಅವಳು ನನ್ನ ಕಡೆಗೆ ಬಂದಂತೆ ಬಂದು ಎಲ್ಲಿಗೋ ಮರೆಯಾಗುತ್ತಿದ್ದಳು.

"ರೀ, ನನ್ನಿಂದ ಇಲ್ಲೇನೂ ಆಗಬೇಕಾದ್ದಿಲ್ಲ ಅಂತ ಹೇಳಿ. ಅಷ್ಟೇ. ಮುಂದಕ್ಕೆ ಒಂದು ಮಾತೂ ಬೇಡ," ಎಂದಳು ಶಾರದಾ.

"ಅಷ್ಟು ಹೇಳೋಕೆ ನನಗೆ ಬರಲ್ವಾ?"

"ಅದೇ ನನಗೆ ಹೆದರಿಕೆ."

ಮರುದಿನ ಮರದ ಬುಡದಲ್ಲಿ ನಿಂತು ಆ ಮಾತನ್ನೇ ಬಾಯಿಪಾಠ ಮಾಡುತ್ತಿದ್ದೆ. ಪಕ್ಕದ ಮರಕ್ಕೆ ಫ್ರಂಟ್ ಆಫೀಸಿನ ವಿಲ್ಫ್ರೆಡ್ ಒರಗಿದ್ದರು. ಮಂಗಳೂರಿನವರು, ಡಿಗ್ರಿ ಮಾಡಿದವರು. ನನ್ನ ಅವಸ್ಥೆ ನೋಡಿ, "ಶೀನಣ್ಣ, ನೀವು ಹೋಗುವುದಾದರೆ ನಾನು ಹೋಗ್ತೇನೆಂದು ಬಾಯಿ ಬಿಡುವುದಿಲ್ಲ ಮಾರಾಯ್ರೆ. ನನಗೆ ಇಲ್ಲಿ ಎಂತ ಕಷ್ಟ?" ಎಂದರು. ಒಳ್ಳೆಯ ಮನುಷ್ಯ. ನನ್ನ ದಾರಿಗೆ ಇನ್ನು ಅಡ್ಡಿಯೇ ಇರಲಿಲ್ಲ.

"ಶೀನ ತಂಬಿ, ಇಲ್ಲಿ ನಿನ್ನ ಅಗತ್ಯ ಏನು?" ಎಂದರು ಮುನಿಯಾಂಡಿ.

"ನನ್ನಿಂದ ಇಲ್ಲೇನೂ ಆಗಬೇಕಾದ್ದಿಲ್ಲ ಸಾರ್," ಎಂದೆ.

ಅವರು ಒಂದು ಕ್ಷಣವಾದರೂ ಯೋಚಿಸಬಹುದಿತ್ತು. "ನಾನೂ ಅದನ್ನೇ ಅಂದುಕೊಂಡೆ," ಎಂದುಬಿಟ್ಟರು. "ಅಡುಗೆ ಏನು ಮಹಾ. ಬಟ್ಟೆ ಒಗೆಯೋ ಜೈತೂನ್ ಅಕ್ಕ ನೋಡ್ಕೊಳ್ತಾರೆ. ಸಾಂಬಾರ್ ಯಾರು ಬೇಕಾದ್ರೂ ಮಾಡಬಹುದು ಲಾ."

ಯಾರು ಬೇಕಾದರೂ! ಆಮೇಲೆ ನಡೆದದ್ದು ನನಗೆ ಪೂರ್ತಿ ನೆನಪಿಲ್ಲ. ಕೊತ್ತಂಬರಿ ಹುರಿಯುವ ಹದದಿಂದ ಶುರುಮಾಡಿದೆನಂತೆ. ಹುಣಿಸೆ ಹುಳಿಗೂ ಬೇಳೆಗೂ ಇರುವ ಸಂಬಂಧ ವಿವರಿಸಿದೆನಂತೆ. ನಾನಿಲ್ಲದಿದ್ದರೆ ಈ ಪಾಳೆಯ ವಾರದೊಳಗೆ ಶರಣಾಗುತ್ತದೆ, ಬರೆದಿಟ್ಟುಕೊಳ್ಳಿ ಎಂದೂ ಕೂಗಿದೆನಂತೆ. ವಿಲ್ಫ್ರೆಡ್ ತಮ್ಮ ಮರದಿಂದ "ಸಾಕು ಶೀನಣ್ಣ, ಸಾಕು" ಎಂದು ಕೈಮುಗಿಯುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಮುನಿಯಾಂಡಿ ಗಂಭೀರವಾಗಿ ತಲೆದೂಗಿ, "ಅತ್ಯಗತ್ಯ," ಎಂದು ಘೋಷಿಸಿದರು. ಎದೆ ಮುಂದೆ ಬಂತು. ದೋಣಿ ವಿಲ್ಫ್ರೆಡ್ಡರನ್ನು ಹತ್ತಿಸಿಕೊಂಡು ಹೊರಟಾಗಲೂ ಅದು ಪೂರ್ತಿ ಇಳಿದಿರಲಿಲ್ಲ.

ಸಂಜೆ ಶಾರದೆಗೆ ಫೋನ್ ಮಾಡಿ, ಮ್ಯಾನೇಜರ್ ಎಂಥ ಕಟುಕ, ಎಷ್ಟು ಬೇಡಿಕೊಂಡರೂ ಬಿಡಲಿಲ್ಲ ಎಂದು ಹೇಳತೊಡಗಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ವಿಲ್ಫ್ರೆಡ್ ದಡ ಮುಟ್ಟಿದ ತಕ್ಷಣ ಫೋನ್ ಮಾಡಿದ್ರು," ಎಂದಳು. ಹಿಂದೆ ಮಗಳು ಏನನ್ನೋ ಬೀಳಿಸಿದ ಸದ್ದಾಯಿತು. "ಮತ್ತೆ? ಇವತ್ತಿನ ಸಾಂಬಾರ್ ಹೇಗಾಗಿತ್ತು?"

ಬಾಯಿ ಮುಚ್ಚಿಕೊಂಡಿರಲು ಅದು ತಕ್ಕ ಸಮಯವಾಗಿತ್ತು. "ಬಹಳ ಚೆನ್ನಾಗಿತ್ತು ಕಣೇ," ಎಂದೆ.