ನಮ್ಮ ಕಂಪ್ಯೂಟರಿನ ಯೋಗ್ಯತಾ ಪರೀಕ್ಷೆ

ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದ ಅಧಿಕಾರಿ. ಸಾಲ ಕೊಡುವುದು ನನ್ನ ಕೆಲಸ ಎಂದು ಜನ ತಿಳಿದಿದ್ದಾರೆ. ಕೊಡದಿರಲು ಕಾರಣ ಹುಡುಕುವುದು ನನ್ನ ಕೆಲಸ ಎಂದು ನನ್ನ ಮೇಲಧಿಕಾರಿಗಳು ತಿಳಿದಿದ್ದಾರೆ. ಹುಬ್ಬಳ್ಳಿಯಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ಮೇಲೆ ಎಷ್ಟೋ ಮಂದಿಗೆ 'ನೀವು ಅರ್ಹರಲ್ಲ' ಎಂದು ನಗುನಗುತ್ತ ಹೇಳಿ, ಚಹಾ ಕುಡಿಸಿ ಕಳಿಸಿದ್ದೇನೆ. ಅಂಥ ನನಗೆ, ನನ್ನದೇ ಮನೆಯಲ್ಲಿ, ಹೆಂಡತಿ ಮಗಳ ಎದುರಿಗೆ, ಯಾವುದೋ ಒಂದು ವೆಬ್‌ಸೈಟು 'ನೀವು ಅರ್ಹರಲ್ಲ' ಎಂದು ಹೇಳಿತು. ಚಹಾ ಕೂಡ ಕೊಡಲಿಲ್ಲ.

ಆದದ್ದಿಷ್ಟು. ಕಾಲೇಜಿಗೆ ರಜೆ ಬಿಟ್ಟಿತ್ತು. ಮಗಳು ಅಕ್ಷಯಾ ತನ್ನ ಹುಟ್ಟುಹಬ್ಬಕ್ಕೆ ಚಿಕ್ಕಮ್ಮ ಕೊಟ್ಟ ಉಡುಗೊರೆಯ ಹಣದಲ್ಲಿ ಹೊಸದೊಂದು ವಿಡಿಯೋ ಗೇಮು ಕೊಂಡಿದ್ದಳು. ಗೇಮು ಎಂದರೆ ಬಂದೂಕು, ರಕ್ತ, ಕೊಲೆ ಎಂದುಕೊಂಡಿದ್ದೆ. ಅಲ್ಲವಂತೆ. ಇದು ಬೇಸಾಯದ ಗೇಮು. ಹೊಲ ಉಳಬೇಕು, ಬಿತ್ತಬೇಕು, ಕಳೆ ತೆಗೆಯಬೇಕು, ದನ ಮೇಯಿಸಬೇಕು. ನಮ್ಮ ಅಜ್ಜ ಯಾವುದರಿಂದ ತಪ್ಪಿಸಿಕೊಂಡು ಪೇಟೆ ಸೇರಿದರೋ ಅದನ್ನೇ ಮರಿಮೊಮ್ಮಗಳು ಹಣ ಕೊಟ್ಟು ಕೊಂಡಿದ್ದಳು.

"ಕುಂಡದಾಗಿನ ತುಳಸಿಗೆ ಒಂದು ತಂಬಿಗಿ ನೀರ ಹಾಕಾಕ ಆಗೂದಿಲ್ಲ, ಇಕೀ ಒಕ್ಕಲತನ ಮಾಡ್ತಾಳಂತ," ಎಂದಳು ನನ್ನ ಹೆಂಡತಿ ಶಾರದಾ.

ಗೇಮನ್ನು ಹಾಕುವ ಮೊದಲು ನಮ್ಮ ಕಂಪ್ಯೂಟರಿಗೆ ಅದನ್ನು ಓಡಿಸುವ ಶಕ್ತಿ ಇದೆಯೇ ಎಂದು ನೋಡಬೇಕಂತೆ. ಅದಕ್ಕೆಂದೇ ಒಂದು ವೆಬ್‌ಸೈಟು ಇದೆ. ಅದು ನಮ್ಮ ಯಂತ್ರದ ಒಳಗೆಲ್ಲ ಕಣ್ಣಾಡಿಸಿ ತೀರ್ಪು ಕೊಡುತ್ತದೆ. ನನಗೆ ನಗು ಬಂತು. ನಮ್ಮ ಕಂಪ್ಯೂಟರ್ ಸಾಮಾನ್ಯದ್ದಲ್ಲ. ಕೊಳ್ಳುವಾಗಲೇ ಅಂಗಡಿಯವನು, ಇನ್ನು ನೀವು ಜನ್ಮದಲ್ಲಿ ಬೇರೆ ಕೊಳ್ಳುವ ಪ್ರಮೇಯ ಬರುವುದಿಲ್ಲ ಎಂದು ಹೇಳಿ, ದಪ್ಪನೆಯ ಗ್ರಾಫಿಕ್ಸ್ ಕಾರ್ಡೊಂದನ್ನೂ ಹಾಕಿಕೊಟ್ಟಿದ್ದ. ಆ ಮಹಾಯಂತ್ರದಲ್ಲಿ ನಾನು ಇಲ್ಲಿಯವರೆಗೆ ಆದಾಯ ತೆರಿಗೆ ತುಂಬಿದ್ದೇನೆ, ಮದುವೆಗಳ ಫೋಟೋ ನೋಡಿದ್ದೇನೆ.

ತೆರೆಯ ಮೇಲೆ ಎರಡು ಸಾಲು ಮೂಡಿದವು. ಒಂದು, ಕನಿಷ್ಠ ಅರ್ಹತೆ. ಇನ್ನೊಂದು, ಇದ್ದರೆ ಒಳ್ಳೆಯದು ಎಂಬಂಥದ್ದು. (ತನ್ನ ಮನೆಯವರು ನನ್ನನ್ನು ಒಪ್ಪಿದ್ದು ಮೊದಲನೆಯ ಸಾಲಿನ ಆಧಾರದ ಮೇಲೆ ಮಾತ್ರ ಎಂದು ಶಾರದಾ ಆಗಾಗ ನೆನಪಿಸುತ್ತಾಳೆ.) ಪ್ರೊಸೆಸರಿಗೆ ಹಸಿರು ಗುರುತು ಬಂತು. ಮೆಮೊರಿಗೆ ಕೆಂಪು. ಗ್ರಾಫಿಕ್ಸ್ ಕಾರ್ಡಿನ ಮುಂದೆ, ಅಂಥದ್ದೇನೂ ಕಾಣಿಸುತ್ತಿಲ್ಲ ಎಂದು ಬರೆದಿತ್ತು. ನಾನು ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆ. ಇಂಟರ್ನೆಟ್ಟಿನ ಡಬ್ಬಿಯನ್ನು ತಟ್ಟಿದೆ. ಬೇರೆ ವೆಬ್‌ಸೈಟಿನಲ್ಲಿ ನೋಡಿದೆ. ಎರಡೂ ವೆಬ್‌ಸೈಟುಗಳು ಮಾತಾಡಿಕೊಂಡಿದ್ದವು ಎಂದು ಕಾಣುತ್ತದೆ.

ಅಷ್ಟಕ್ಕೇ ಬಿಡುತ್ತಿದ್ದೆನೇನೋ. ಆದರೆ ಶಾರದಾ ಈ ಶುಭವಾರ್ತೆಯನ್ನು ವಿಜಯವಾಡದಲ್ಲಿರುವ ತಂಗಿಗೆ ಫೋನಿನಲ್ಲಿ ತಿಳಿಸಿದಳು. ಫೋನು ತಂಗಿಯ ಕೈಯಿಂದ ಅವಳ ಗಂಡನ ಕೈಗೆ ಹೋಯಿತು. ಆತ ಶೇಷಗಿರಿ, ನನ್ನ ಷಡ್ಡಕ. ಅಪ್ಪಟ ವಿಜಯವಾಡದ ತೆಲುಗಿನವನು. ನನ್ನ ನಾದಿನಿಯನ್ನು ಮದುವೆಯಾದ ಮೇಲೆ ಹುಬ್ಬಳ್ಳಿ ಕನ್ನಡ ಕಲಿತಿದ್ದಾನೆ. ಕಲಿತದ್ದನ್ನೆಲ್ಲ ನನ್ನ ಮೇಲೆಯೇ ಪ್ರಯೋಗಿಸುತ್ತಾನೆ. ನಾವು ಫ್ರಿಜ್ ತಂದರೆ ಅವನ ಮನೆಗೆ ಅದಕ್ಕಿಂತ ಒಂದು ಬಾಗಿಲು ಹೆಚ್ಚಿರುವ ಫ್ರಿಜ್ ಬರುತ್ತದೆ.

"ಅದರಾಗ ಆಗೂದಿಲ್ಲಂಡಿ ಅನ್ನಯ್ಯಗಾರು," ಎಂದು ಬಹಳ ಮರ್ಯಾದೆಯಿಂದ ಹೇಳಿದ. "ಹಳೇ ಡಬ್ಬಾ ಅಲ್ಲೇನ್ರಿ ಅದು. ನಮ್ಮ ಮನೀ ಸಿಸ್ಟಮ್ ನೋಡ್ರಂಡಿ, ರಾತ್ರಿ ಲೈಟ್ ಹಚ್ಚೂದ ಬ್ಯಾಡ."

ಆ 'ಅಂಡಿ' ಇದೆಯಲ್ಲ, ತೆಲುಗಿನ ಗೌರವದ ಮಾತು, ಅದನ್ನು ಸೇರಿಸಿ ಅವಮಾನ ಮಾಡಿದರೆ ತಿರುಗಿ ಬಯ್ಯಲು ದಾರಿಯೇ ಇರುವುದಿಲ್ಲ. ನಾನೂ ಅಷ್ಟೇ ಗೌರವದಿಂದ, ನಿಮ್ಮ ಮನೆಗೇ ತಂದು ನಿಮ್ಮ ಕಣ್ಣೆದುರಿಗೇ ಓಡಿಸಿ ತೋರಿಸುತ್ತೇನೆ ಎಂದೆ. ಹೇಳಿದ ಮೇಲೆ ಗೊತ್ತಾಯಿತು, ವಿಜಯವಾಡ ಪಕ್ಕದ ಬೀದಿಯಲ್ಲ.

ಶನಿವಾರ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಚಾದರದಲ್ಲಿ ಗಂಟು ಕಟ್ಟಿದೆ. ಶಾರದಾ ತಡೆಯಲಿಲ್ಲ. ತಡೆದಿದ್ದರೆ ಅದೇ ನೆಪದಲ್ಲಿ ಮನೆಯಲ್ಲೇ ಉಳಿಯಬಹುದಿತ್ತು. ಬದಲಿಗೆ ಆಕೆ ಶೇಷಗಿರಿಯ ತಾಯಿ ಸೂರ್ಯಕಾಂತಮ್ಮನವರಿಗೆಂದು ಅನಕಾಪಲ್ಲಿಯ ಬೆಲ್ಲ ತರಿಸಿದ್ದಳು. ಎರಡೆರಡು ಗಂಟು ಯಾಕೆಂದು ಅದನ್ನೂ ಅದೇ ಚಾದರದೊಳಗೆ, ಕ್ಯಾಬಿನೆಟ್ಟಿನ ನೆತ್ತಿಯ ಮೇಲೆಯೇ ಇಟ್ಟು ಬಿಗಿದಳು. ಸ್ಟೇಷನ್ನಿನಲ್ಲಿ ಪೊಲೀಸಿನವನು ಇದೇನೆಂದು ಕೇಳಿದ. ಕಂಪ್ಯೂಟರ್ ಎಂದೆ. ರಿಪೇರಿಗಾ ಎಂದ. ಇಲ್ಲ, ಮರ್ಯಾದೆಗೆ ಎಂದೆ. ಅವನಿಗೂ ಷಡ್ಡಕ ಇದ್ದಿರಬೇಕು, ತಲೆಯಾಡಿಸಿ ಬಿಟ್ಟುಬಿಟ್ಟ.

ಮೇ ತಿಂಗಳ ಬಿಸಿಲು. ರೈಲಿನಲ್ಲಿ ನಾನೇ ಬೆವರಿ ಕರಗುತ್ತಿದ್ದೆ, ಇನ್ನು ಬೆಲ್ಲದ ಪಾಡೇನು. ವಿಜಯವಾಡದ ಮನೆಯ ನಡುಮನೆಯಲ್ಲಿ ಎಲ್ಲರೂ ಸುತ್ತ ನಿಂತು ನೋಡುತ್ತಿರುವಾಗ ಗಂಟು ಬಿಚ್ಚಿದೆ. ಬೆಲ್ಲ ಕಾಗದವನ್ನೂ ಲೆಕ್ಕಿಸದೆ ಕ್ಯಾಬಿನೆಟ್ಟಿನ ನೆತ್ತಿಗೆ ಅಂಟಿ ಕೂತಿತ್ತು. ಅದರ ಸುತ್ತ ಆಂಧ್ರದ ಕರಾವಳಿಯ ಉದ್ದಕ್ಕೂ ಟಿಕೆಟ್ಟಿಲ್ಲದೆ ಹತ್ತಿದ ಇರುವೆಗಳು ಸಾಲುಗಟ್ಟಿ ಒಳಗೆ ಹೋಗುತ್ತಿದ್ದವು.

ಶೇಷಗಿರಿ ಒಳಗೆ ಹೋದ. ಸ್ಕ್ರೂಡ್ರೈವರ್ ತಂದ, ಅಷ್ಟೆ. ವಿಶಾಖಪಟ್ಟಣದ ಸಮುದ್ರದ ಗಾಳಿಗೆ ತಿರುಪುಗಳೆಲ್ಲ ತುಕ್ಕು ಹಿಡಿದಿದ್ದವು. ಅವನ್ನು ತಿರುಗಿಸುವ ಪ್ರತಿ ಬಾರಿಯೂ ಅವನು 'ಅಯ್ಯೋ ಪಾಪ' ಎನ್ನುವಂತೆ ನಾಲಿಗೆಯಿಂದ ಸದ್ದು ಮಾಡುತ್ತಿದ್ದ. ಮುಚ್ಚಳ ತೆಗೆದರೆ ಒಳಗೆ ಹಾಸಿಗೆ ಹೊಲಿಸುವಷ್ಟು ಧೂಳು. ನಾನು ಬ್ರಷ್ ಹಿಡಿದು ಧೂಳನ್ನೂ ಇರುವೆಗಳನ್ನೂ ಒಟ್ಟಿಗೆ ಹೊರಹಾಕಿದೆ. ಆಗ ಕಂಡಿತು: ಅಂಗಡಿಯವನ ಆ ದಪ್ಪ ಕಾರ್ಡು ಅಲ್ಲೇ ಇತ್ತು, ಆದರೆ ತನ್ನ ಜಾಗದಿಂದ ಅರ್ಧ ಎದ್ದು ಕೂತಿತ್ತು. ಊರೂರು ವರ್ಗವಾಗಿ ಲಾರಿಗಳಲ್ಲಿ ಕುಲುಕಾಡಿದರೆ ಯಾರಾದರೂ ಎದ್ದು ಕೂರುತ್ತಾರೆ. ಒತ್ತಿದೆ. ಟಕ್ ಎಂದು ಕೂತಿತು.

ಇನ್ನುಳಿದದ್ದು ಮೆಮೊರಿ. ಶೇಷಗಿರಿ ಉದಾರವಾಗಿ, ಬೇಕಾದರೆ ನಮ್ಮ ಸಿಸ್ಟಮ್ಮಿನಿಂದ ತೆಗೆದುಕೊಳ್ಳಿ ಎಂದ. ನನ್ನ ಅನುಭವದಲ್ಲಿ ಜನ ಉದಾರವಾಗುವುದು ಗೆಲುವು ಖಚಿತವಾದಾಗ. ಅವನ ಕಂಪ್ಯೂಟರ್ ನವರಾತ್ರಿಯ ಪೆಂಡಾಲಿನಂತೆ ಕೆಂಪು ನೀಲಿ ದೀಪ ಉರಿಸುತ್ತಿತ್ತು. ಹೇಗೂ ಬಿಚ್ಚುತ್ತಿದ್ದೇವಲ್ಲ, ಮೊದಲು ಅದಕ್ಕೂ ಒಂದು ಪರೀಕ್ಷೆ ಆಗಲಿ ಎಂದೆ. ವೆಬ್‌ಸೈಟು ಅದರ ಒಳಗೆ ಕಣ್ಣಾಡಿಸಿತು. ಮೆಮೊರಿ ಬೇಕಾದಷ್ಟಿತ್ತು. ಗ್ರಾಫಿಕ್ಸ್ ಕಾರ್ಡು ಇರಲೇ ಇಲ್ಲ. ಹುಡುಕಿದೆವು. ದೀಪಗಳೇ ಇದ್ದವು. ಶೇಷಗಿರಿ ಅವತ್ತು ಮೊದಲ ಸಲ 'ಅಂಡಿ' ಸೇರಿಸದೆ ಮಾತಾಡಿದ, ಅದೂ ಅಂಗಡಿಯವನ ಬಗ್ಗೆ.

ಅವನ ಮೆಮೊರಿ ಪಟ್ಟಿಯನ್ನು ತೆಗೆದು ನಮ್ಮದರಲ್ಲಿ ಸಿಕ್ಕಿಸಿದೆವು. ಪುಣ್ಯಕ್ಕೆ ಎರಡರ ಜಾತಿ ಒಂದೇ ಆಗಿತ್ತು. (ಮದುವೆಯಲ್ಲಿ ನೋಡದಿದ್ದರೂ ನಡೆಯುತ್ತದೆ; ಈ ಪಟ್ಟಿಗಳಲ್ಲಿ ನೋಡಲೇಬೇಕು.) ಮತ್ತೆ ಪರೀಕ್ಷೆ. ಹಸಿರು, ಹಸಿರು, ಹಸಿರು. ಅಕ್ಷಯಾಳಿಗೆ ಫೋನು ಮಾಡಿ ಪಾಸ್‌ವರ್ಡ್ ಕೇಳಿ ಗೇಮು ಇಳಿಸಿದೆ. ಓಡಿತು. ಕನಿಷ್ಠ ಅರ್ಹತೆಯಲ್ಲಿ ಓಡುವ ಗೇಮಿನಲ್ಲಿ ಮರಗಳು ಮಡಚಿಟ್ಟ ಕೊಡೆಗಳಂತೆ, ಎತ್ತು ಸೂಟ್‌ಕೇಸಿನಂತೆ ಕಾಣುತ್ತದೆ ಎಂಬುದು ನಿಜ. ಆದರೂ ಓಡಿತು. ನಾನು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಉಳತೊಡಗಿದೆ.

ಸೂರ್ಯಕಾಂತಮ್ಮನವರು ಅಲ್ಲಿಯವರೆಗೆ ಬೆಲ್ಲವನ್ನು ಚಾಕುವಿನಿಂದ ಕೆರೆದು ಡಬ್ಬಿಗೆ ತುಂಬುತ್ತಿದ್ದವರು ಕನ್ನಡಕ ಹಾಕಿಕೊಂಡು ಬಂದರು. ಅವರದು ಗುಡಿವಾಡದ ಕಡೆಯ ಬೇಸಾಯದ ಮನೆತನ. ಹೊಲ ಮಾರಿ ಮಗನ ಜೊತೆ ಮೂರನೆಯ ಅಂತಸ್ತಿನಲ್ಲಿ ವಾಸ. ಸೂಟ್‌ಕೇಸನ್ನು ನೋಡಿದವರೇ ಅದು ಒಂಗೋಲು ತಳಿಯ ಎತ್ತು ಎಂದು ಗುರುತಿಸಿದರು. ನಾನು ಉಳುವ ಸಾಲು ಸೊಟ್ಟಗಿದೆ ಎಂದರು. ನೀರು ಹೆಚ್ಚಾಯಿತು ಎಂದರು. ಕೊನೆಗೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕೂತರು. ಊಟಕ್ಕೆ ಕರೆದರೆ, ಹೊಲದಲ್ಲಿ ಕೆಲಸ ಬಿಟ್ಟು ಹೇಗೆ ಬರಲಿ ಎಂದರು. ಸಂಜೆ ಹೊತ್ತಿಗೆ ಅವರ ನೆಲಗಡಲೆ ಮೊಳಕೆಯೊಡೆದಿತ್ತು, ಮತ್ತು ಆ ಮನೆಯಲ್ಲಿ ಅವರು ಅಷ್ಟು ನಕ್ಕದ್ದನ್ನು ತಾನು ನೋಡಿಯೇ ಇರಲಿಲ್ಲ ಎಂದು ನಾದಿನಿ ನನ್ನ ಕಿವಿಯಲ್ಲಿ ಹೇಳಿದಳು.

ಹೊರಡುವ ಹೊತ್ತಾಯಿತು. ನಿಮ್ಮ ಯಂತ್ರ ಬಹಳ ಒಳ್ಳೆಯದು ಬಾಬು, ನಮ್ಮವನದು ಬರೀ ಸೀರಿಯಲ್ ಲೈಟಿನ ಸೆಟ್ಟು ಎಂದು ಸೂರ್ಯಕಾಂತಮ್ಮನವರು ಮಗನೆದುರಿಗೇ ಹೇಳಿದರು. ಇಂಥ ಮಾತು ಕೇಳಿದ ಮೇಲೆ ಮನುಷ್ಯ ಮೈಮರೆಯುತ್ತಾನೆ. ನಾನು ಎದೆಯ ಮೇಲೆ ಕೈಯಿಟ್ಟು ನನ್ನ ಅತ್ಯುತ್ತಮ ತೆಲುಗಿನಲ್ಲಿ, "ಮೀದೇ ಅನುಕೋಂಡಿ," ಎಂದೆ. ನಿಮ್ಮದೇ ಅಂದುಕೊಳ್ಳಿ ಎಂದು ಅರ್ಥ. ಯಾರು ಏನನ್ನು ಹೊಗಳಿದರೂ ನಾವೆಲ್ಲ ಹಾಗೆ ಹೇಳುವುದೇ. ಅವರು ಗಾಬರಿಯಾಗಿ ಛೆ ಛೆ ಬೇಡ ಎನ್ನುವುದು, ಅಲ್ಲಿಗೆ ಮುಗಿಯುವುದು ಪದ್ಧತಿ.

ಸೂರ್ಯಕಾಂತಮ್ಮನವರು ತೆರೆಯಿಂದ ಕಣ್ಣು ಕೀಳದೆ, "ಸರೇ, ಅನುಕುನ್ನಾನು," ಎಂದರು. ಸರಿ, ಅಂದುಕೊಂಡೆ.

ನಾನು ಶೇಷಗಿರಿಯ ಮುಖ ನೋಡಿದೆ. ಅವನು ಬಹಳ ಮರ್ಯಾದೆಯಿಂದ ನನಗೆ ಆಟೋ ಕರೆಯಲು ಹೋದ.

ವಿಶಾಖಪಟ್ಟಣದ ಮನೆಯಲ್ಲಿ ಬಾಗಿಲು ತೆರೆದ ಶಾರದಾ ನನ್ನ ಖಾಲಿ ಕೈಗಳನ್ನು ನೋಡಿದಳು. ಗೇಮು ಓಡಿತೇ ಎಂದು ಕೇಳಿದಳು. ಓಡಿತು ಎಂದೆ. ಮತ್ತೆ ಕಂಪ್ಯೂಟರ್ ಎಂದಳು. ಅದೂ ಓಡಿತು ಎಂದೆ. ವಿವರ ಕೇಳಿದ ಮೇಲೆ ಅವಳು ಬಯ್ಯಲಿಲ್ಲ, ನಕ್ಕಳು. ಬಯ್ದಿದ್ದರೆ ಹಿತವಾಗಿರುತ್ತಿತ್ತು. ಅಕ್ಷಯಾ ಅಳುತ್ತಾಳೆ ಎಂದುಕೊಂಡೆ. ಅವಳು ನೇರ ವಿಜಯವಾಡಕ್ಕೆ ಫೋನು ಹಚ್ಚಿ ಸೂರ್ಯಕಾಂತಮ್ಮನವರ ಜೊತೆ ನನಗೆ ಅರ್ಥವಾಗದ ವೇಗದ ತೆಲುಗಿನಲ್ಲಿ ಏನೇನೋ ಮಾತಾಡಿದಳು. ಹೊಲ ಪಾಲಿಗೆ ಮಾಡುವುದೆಂದು ಇಬ್ಬರಲ್ಲೂ ಒಪ್ಪಂದವಾಯಿತಂತೆ. ರಜೆ ಮುಗಿಯುವವರೆಗೆ ಅವಳು ಅಲ್ಲೇ. ಮಗಳನ್ನು ಒಬ್ಬಳೇ ಕಳಿಸುವುದು ಹೇಗೆಂದು ಶಾರದಾಳೂ ಹೊರಟಳು. ತಂಗಿಯನ್ನು ನೋಡಿ ಬಹಳ ದಿನವಾಗಿತ್ತಂತೆ.

ಮುಂದಿನ ಭಾನುವಾರ ಫೋನು ಬಂತು. ನೆಲಗಡಲೆ ಕಿತ್ತಾಯಿತಂತೆ. ಶೇಷಗಿರಿ ರಜೆ ಹಾಕಿ ಟ್ರ್ಯಾಕ್ಟರ್ ಓಡಿಸುತ್ತಿದ್ದಾನಂತೆ. ಆ ಗೇಮಿನಲ್ಲಿ ದನಗಳಿಗೆ ಹೆಸರಿಡಬಹುದಂತೆ. ಹೇಳಿದ ಕಡೆ ಹೋಗಿ, ಎಷ್ಟು ಹೊರಿಸಿದರೂ ಸುಮ್ಮನಿರುವ ಎತ್ತೊಂದಕ್ಕೆ ಎಲ್ಲರೂ ಸೇರಿ ರಮಾಕಾಂತ ಎಂದು ಹೆಸರಿಟ್ಟಿದ್ದಾರಂತೆ. ರಮಾಕಾಂತ ನಾನೇ. ಸಿಟ್ಟು ಬರಲಿಲ್ಲ, ಸ್ವಲ್ಪ ಕನಿಕರ ಬಂತು. ಅದಕ್ಕೆ ಮೇವಾದರೂ ಹಾಕಿದಿರಾ ಎಂದು ಕೇಳಿದೆ.

"ಮುಂಜಾನೇನ ಹೊಟ್ಟಿ ತುಂಬ ಹಾಕೇವ್ರಿ," ಎಂದಳು ಶಾರದಾ. ಆಮೇಲೆ ನೆನಪಾದವಳಂತೆ, "ಅಂದಂಗ ನೀವು ಏನರ ತಿಂದ್ರೇನು?" ಎಂದು ಕೇಳಿದಳು.

ತಿಂದೆ ಎಂದೆ. ಬ್ರೆಡ್ಡು ಎಂದು ಹೇಳಲಿಲ್ಲ.