ಗುಡುಗಿಗೊಂದು ಸೀಟಿ

ಪುಕ್ಕಲುತನಕ್ಕೂ ಒಮ್ಮೊಮ್ಮೆ ಪದವಿ ಸಿಗುತ್ತದೆ. ನನಗೆ ಸಿಕ್ಕಿದೆ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಗುಡುಗು ಕೇಳಿದರೆ ಸಾಕು, ಟಿವಿಯ ಪ್ಲಗ್ ಕೀಳುತ್ತೇನೆ, ಕಿಟಕಿಯ ಬಳಿ ನಿಂತ ಗಂಡನನ್ನು ಗದರಿಸುತ್ತೇನೆ, "ಅರ್ಜುನ, ಫಲ್ಗುಣ, ಪಾರ್ಥ" ಎಂದು ಮಣಮಣಿಸುತ್ತೇನೆ. ಇಂಥ ನನ್ನ ಹೊಟ್ಟೆಯಲ್ಲಿ ರಗ್ಬಿ ಆಡುವ ಮಗಳು ಹುಟ್ಟಬೇಕೆ? ಮೊಟ್ಟೆಯಾಕಾರದ ಚೆಂಡನ್ನು ಅವಚಿಕೊಂಡು ಓಡುವುದು, ನಾಲ್ಕು ಜನ ಮೈಮೇಲೆ ಬಿದ್ದರೂ ಬಿಡದೆ ಅದನ್ನು ಗೆರೆಯಾಚೆ ನೆಲಕ್ಕೆ ಒತ್ತುವುದು, ಇದು ಆಟವಂತೆ. ಮನೆಯಲ್ಲಿ ಸೊಪ್ಪು ಬಿಡಿಸು ಎಂದರೆ ಮಾತ್ರ ಚಿನ್ಮಯಿಗೆ ಸೊಂಟನೋವು.

ಅವಳ ಪ್ರತಿ ಪಂದ್ಯದಲ್ಲೂ ಮೋಡ ಕಂಡೊಡನೆ ಗಲಾಟೆ ಎಬ್ಬಿಸುತ್ತಿದ್ದ ನನ್ನಿಂದ ಕೋಚ್ ಮೇಡಂಗೆ ಸಾಕಾಗಿರಬೇಕು. ನಾಯಂಡಹಳ್ಳಿ ಹತ್ತಿರದ ಮೈದಾನದಲ್ಲಿ ಫೈನಲ್ ನಡೆದ ದಿನ ನನ್ನ ಕೈಗೇ ಒಂದು ಸೀಟಿ ಕೊಟ್ಟುಬಿಟ್ಟರು. "ಆಂಟಿ, ಗುಡುಗಿನ ಡ್ಯೂಟಿ ನಿಮ್ದು. ಕೇಳಿಸಿದ ತಕ್ಷಣ ಊದಿ, ಎಲ್ರೂ ಬಿಲ್ಡಿಂಗ್ ಒಳಗೆ ಹೋಗ್ಬೇಕು. ಕೊನೇ ಗುಡುಗು ಆಗಿ ಅರ್ಧ ಗಂಟೆ ಯಾರೂ ಹೊರಗೆ ಬರೋ ಹಾಗಿಲ್ಲ. ಮಧ್ಯೆ ಇನ್ನೊಂದು ಗುಡುಗಿದ್ರೆ ಮತ್ತೆ ಮೊದಲಿಂದ ಅರ್ಧ ಗಂಟೆ." ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಸೀಟಿಯನ್ನು ಸೆರಗಿನಿಂದ ಎರಡು ಸಲ ಒರೆಸಿದೆ.

ಆಟ ಮುಗಿಯುತ್ತ ಬಂದಿತ್ತು. ನಮ್ಮವರು ಇನ್ನೊಮ್ಮೆ ಗೆರೆ ದಾಟಿದರೆ ಕಪ್ ನಮ್ಮದು. ಚಿನ್ಮಯಿ ಚೆಂಡು ಹಿಡಿದು ಓಡಿದಳು, ಅಡ್ಡ ಬಂದ ಹುಡುಗಿಯನ್ನು ತಪ್ಪಿಸಿದಳು, ಮುಂದೆ ಬರೀ ಗೆರೆ. ಆಗಲೇ ಢುಂ ಎಂದಿತು. ಊದಿಬಿಟ್ಟೆ. ಆಟ ನಿಂತಿತು.

"ಅಮ್ಮಾ! ಎರಡು ಸೆಕೆಂಡ್ ತಡ್ಕೊಳ್ಳೋಕಾಗ್ಲಿಲ್ವಾ?" ಎಂದ ಮಗಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಎಲ್ಲರೂ ಪಕ್ಕದ ಕಟ್ಟಡದೊಳಗೆ ಕುಳಿತೆವು. ಅರ್ಧ ಗಂಟೆ ಇನ್ನೇನು ಮುಗಿಯಬೇಕು, ಮತ್ತೊಂದು ಢುಂ. "ಮತ್ತೆ ಮೊದಲಿಂದ!" ಎಂದು ಘೋಷಿಸಿದೆ. ಕಿಟಕಿಯಿಂದ ಹೊರಗೆ ಇಣುಕಿದ ಎದುರು ತಂಡದ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆಂಟಿ, ಅದು ಗುಡುಗಲ್ಲ. ಪಕ್ಕದ ಗೋಡೌನಲ್ಲಿ ಲಾರಿಯಿಂದ ತಗಡಿನ ಶೀಟು ಇಳಿಸ್ತಿದಾರೆ!" ಮೊದಲನೆಯದೂ ಶೀಟೇ ಇರಬಹುದೆಂಬ ಅನುಮಾನ ಎಲ್ಲರ ಕಣ್ಣಲ್ಲೂ ಇಣುಕಿತು. ನಾಚಿಕೆಯಿಂದ ನಾನು ಹಿಡಿಯಷ್ಟಾದೆ.

ಅರ್ಧ ಗಂಟೆ ಮುಗಿದೊಡನೆ ಹುಡುಗಿಯರು ಮೈದಾನಕ್ಕೆ ಇಳಿದರು. ಮತ್ತೆ ಢುಂ. "ಶೀಟು ಆಂಟಿ, ಶೀಟು!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಇರಬಹುದು. ಊದಿದರೆ ಮೈದಾನ ನಮಗೆ ಕೊಟ್ಟಿದ್ದ ಸಮಯ ಮುಗಿದು, ಕಪ್ ಅಂಕದಲ್ಲಿ ಮುಂದಿದ್ದ ಎದುರಿನವರ ಪಾಲು. ಊದದಿದ್ದರೆ? ಅದರ ಮುಂದೆ ಯೋಚಿಸಲಾಗದೆ ಊದಿದೆ. ಕೋಚ್ ಮೇಡಂ ಎಲ್ಲರನ್ನೂ ಒಳಗಟ್ಟಿದರು. ಬಾಗಿಲು ದಾಟುವಷ್ಟರಲ್ಲಿ ಮೈಸೂರು ರಸ್ತೆಯ ಮೇಲೆ ಫಳ್ ಎಂದು ಮಿಂಚಿತು, ಕಟ್ಟಡದ ಗಾಜುಗಳೆಲ್ಲ ನಡುಗಿದವು. ಈ ಸಲ ಯಾರೂ ಶೀಟು ಎನ್ನಲಿಲ್ಲ.

ಮೆಟ್ರೋದಲ್ಲಿ ವಿಜಯನಗರ ಬರುವವರೆಗೂ ಚಿನ್ಮಯಿ ಬೂಟಿನ ಮಣ್ಣು ಕೆರೆಯುತ್ತ ಕುಳಿತಳು. ಇಳಿಯುವಾಗ, "ಕಪ್ ಹೋಗಿದ್ದಕ್ಕೆ ಕೋಪ ಇದೆ. ಆದ್ರೆ ನೀನು ಊದಿದ್ದು ಸರಿ ಕಣಮ್ಮ" ಎಂದಳು. ನನಗೆ ಅಳುವೇ ಬಂತು.

ಮರುವಾರ ತಾರಸಿಯ ಮೇಲೆ ಎರಡು ಸೀರೆ ತುಂಬ ಸಂಡಿಗೆ ಇಟ್ಟಿದ್ದೆ. ಮಧ್ಯಾಹ್ನ ಮೋಡ ಕವಿದು ಗುಡುಗಿತು. ನಾನು ಮೆಟ್ಟಿಲ ಕಡೆ ಓಡಿದರೆ ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಅರ್ಧ ಗಂಟೆ, ಅಮ್ಮ."

ಪ್ಲಗ್ ಕೀಳುವುದನ್ನೂ ಪಾರ್ಥನನ್ನೂ ಮರೆತು ನಾನು ಅರಚಿದೆ: "ಅಷ್ಟು ದೂರದ ಗುಡುಗಿಗೆಲ್ಲ ಯಾರಾದ್ರೂ ಹೆದರ್ತಾರೇನೇ? ದಾರಿ ಬಿಡೇ!"