ಸರದಿಯಲ್ಲಿ ಮೊದಲನೆಯವನು

ಎಲ್ಲಕ್ಕೂ ಕಾರಣ ಒಂದು ಬಟ್ಟಲು ಹಳಸಿದ ಸಾರು.

ಬೆತೆಲ್ ತೀರ ಅಮೆರಿಕದ ಕಡಲಂಚಿನ ಒಂದು ಪ್ರಾರ್ಥನಾ ಶಿಬಿರ. ಅಲ್ಲಿ ಭಾನುವಾರ ಒಲೆ ಹಚ್ಚುವಂತಿಲ್ಲ, ಕಡಲಿಗೆ ಇಳಿಯುವಂತಿಲ್ಲ. ಚಕ್ರವೆನ್ನುವುದು ಉರುಳುವಂತೆಯೇ ಇಲ್ಲ. ಶನಿವಾರವೇ ಹೆಬ್ಬಾಗಿಲಿಗೆ ಸರಪಳಿ ಬೀಳುತ್ತದೆ. ಹಾಗಾಗಿ ಫೀಬಿ ಅಜ್ಜಿ ನಿನ್ನೆಯ ಕಪ್ಪೆಚಿಪ್ಪಿನ ಸಾರನ್ನು ಇವತ್ತು ತಣ್ಣಗೇ ಕುಡಿದಳು. ಆಗಸ್ಟಿನ ಸೆಕೆಗೆ ಅದು ಆಗಲೇ ಹುಳಿ ಬಂದಿತ್ತು. ಹತ್ತು ಗಂಟೆಗೆಲ್ಲ ಅಜ್ಜಿ ತನ್ನ ಗುಡಾರದ ಜಗಲಿಯಲ್ಲಿ ಹಿಟ್ಟಿನ ಮೂಟೆಯಂತೆ ಮಗುಚಿಕೊಂಡಳು.

ಆ ಹೊತ್ತಿಗೆ ಅಲ್ಲಿ ಯಾರು ಇರಬಾರದಿತ್ತೋ ಅವನೇ ಬಂದ. ಅಮೋಸ್ ಟ್ಯೂನಿಸನ್, ಟ್ರೆಂಟನ್ನಿನ ಬೂಟಿನಂಗಡಿಯ ಗುಮಾಸ್ತ. ಗುಡಾರಗಳ ಸರದಿ ಪಟ್ಟಿಯಲ್ಲಿ ಅವನದು ಮೊದಲ ಹೆಸರು. ಗುಡಾರ ಹಿಡಿದವರು ಸತ್ತರೆ, ಇಲ್ಲವೇ ತಾವಾಗಿ ಬಿಟ್ಟರೆ ಮಾತ್ರ ಮುಂದಿನವರಿಗೆ ಜಾಗ. ಹತ್ತೊಂಬತ್ತು ಬೇಸಿಗೆ ಅವನೂ ಹೆಂಡತಿ ಕ್ಲಾರಾಳೂ ಒಂದು ಅಟ್ಟದ ಕೋಣೆಯಲ್ಲಿ ಬೆವರುತ್ತಾ ಕಾದಿದ್ದರು. ಫೀಬಿ ಅಜ್ಜಿಗೆ ಎಂಬತ್ತೊಂಬತ್ತು. ಅವಳು ಕೆಮ್ಮಿದಾಗಲೆಲ್ಲ ಊರು ಅಮೋಸನ ಮುಖ ನೋಡುತ್ತಿತ್ತು.

ಐವತ್ತು ವರ್ಷದ ಹಿಂದೆ ಹತ್ತಿಪ್ಪತ್ತು ಮಂದಿ ಈ ಮರಳಿನ ಮೇಲೆ ಗುಡಾರ ಹೂಡಿ ಪ್ರಾರ್ಥನೆಗೆ ಕೂತರು. ಎಲ್ಲರಿಗೂ ಒಂದೇ ಬಟ್ಟೆಯ ಸೂರು, ದೇವರ ಮುಂದೆ ಮೇಲಿಲ್ಲ ಕೀಳಿಲ್ಲ ಎಂದು ಹಾಡಿದರು. ಹಾಡು ಮುಗಿಯಿತು, ಬೇಲಿ ಬಂತು. ಬೇಲಿಗೆ ಬಾಗಿಲು ಬಂತು, ಬಾಗಿಲಿಗೆ ಸಮಿತಿ ಬಂತು, ಸಮಿತಿಗೆ ಪಟ್ಟಿ. ಹಾಡು ಮಾತ್ರ ಈಗಲೂ ಅದೇ.

"ಅಯ್ಯೋ, ನಾಡಿ ತಪ್ಪುತ್ತಾ ಇದೆ!" ಅಜ್ಜಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಲವೀನಿಯಾ ಕೂಗಿದಳು. ರೈಲು ಹಳಿಯಾಚೆಯ ಕಪ್ಪು ಜನರ ಕೇರಿಯವಳು. ಮೂವತ್ತು ಬೇಸಿಗೆ ಈ ಗುಡಾರಗಳ ಬಟ್ಟೆ ಒಗೆದವಳು. "ಡಾಕ್ಟರ ಹತ್ರ ಹೋಗ್ಬೇಕು ಸ್ವಾಮಿ, ಈಗ್ಲೇ!"

ಡಾಕ್ಟರ ಮನೆ ಸರಪಳಿಯ ಆಚೆಗೇ ಇತ್ತು. ಆದರೆ ಅವರ ಕಾಲು ಊದಿ ಕುಂಬಳವಾಗಿತ್ತು, ನಡೆಯುವಂತಿರಲಿಲ್ಲ. ಗಟ್ಟಿ ಗಂಡಸರೆಲ್ಲ ಸಭಾಮಂಟಪದಲ್ಲಿ ಕಣ್ಣು ಮುಚ್ಚಿದ್ದರು. ಅಮೋಸ್ ಅಜ್ಜಿಯನ್ನು ಎತ್ತಲು ಹೋದ. ಅಜ್ಜಿ ಅಲುಗಲಿಲ್ಲ, ಅವನ ಸೊಂಟ ಅಲುಗಿತು.

"ಹಿತ್ತಲಲ್ಲಿ ನನ್ನ ಒಗೆಬಟ್ಟೆ ಗಾಡಿ ಇದೆ," ಎಂದಳು ಲವೀನಿಯಾ.

"ಇವತ್ತು ಭಾನುವಾರ ಕಣಮ್ಮ!" ಪಕ್ಕದ ಗುಡಾರದಿಂದ ಸಿಸ್ಟರ್ ಮಿನರ್ವಾಳ ತಲೆ ಆಮೆಯಂತೆ ಹೊರಬಂತು. "ಚಕ್ರ ಉರುಳಿದ್ರೆ ನಿಮ್ಮ ಹೆಸರು ಪಟ್ಟೀಲಿ ಬಾಲಕ್ಕೆ ಹೋಗುತ್ತೆ, ಬ್ರದರ್ ಅಮೋಸ್. ನೋಡ್ಕೊಳ್ಳಿ."

"ಮತ್ತೆ ಸಾಯೋಕೆ ಬಿಡ್ಲಾ?"

"ಬಿಟ್ರೆ ಗುಡಾರದ ಆಸೆಗೆ ಬಿಟ್ಟ ಅಂತಾರೆ. ನಾನಲ್ಲಪ್ಪ, ಜನ."

ಅಮೋಸ್ ತನ್ನ ಜೀವಮಾನದ ಅತಿ ದೊಡ್ಡ ಉಪಾಯ ಹೂಡಿದ. ಗಾಡಿಯ ಎರಡೂ ಚಕ್ರ ಬಿಚ್ಚಿದ. ಅಜ್ಜಿಯನ್ನು ಹೊರಳಿಸಿ ಹತ್ತಿಸಿ, ಮುಂದಿನಿಂದ ಅವನು ಎಳೆದ, ಹಿಂದಿನಿಂದ ಲವೀನಿಯಾ ನೂಕಿದಳು. ಗಾಡಿ ಹತ್ತು ಮಾರು ಹೋಗಿ, ಕೆಸರಿಗಿಳಿದ ಎಮ್ಮೆಯಂತೆ ಮರಳಲ್ಲಿ ಕೂತುಬಿಟ್ಟಿತು.

"ಚಕ್ರ ತಗೊಂಬರ್ಲಾ, ದೇವರ ಅಪ್ಪಣೆ ಬರ್ಲಿ ಅಂತ ಕಾಯ್ಲಾ?" ಎಂದಳು ಲವೀನಿಯಾ.

ಅಜ್ಜಿಯ ತುಟಿ ನೀಲಿಗಟ್ಟುತ್ತಿತ್ತು. "ತಗೊಂಬಾ," ಎಂದ ಅಮೋಸ್.

ಎಣ್ಣೆ ಕಾಣದ ಚಕ್ರ. ಸಭಾಮಂಟಪಕ್ಕೆ ಗೋಡೆಗಳಿಲ್ಲ. ಮೂರು ಸಾವಿರ ಜನ ಮೌನ ಪ್ರಾರ್ಥನೆಯಲ್ಲಿದ್ದಾಗ ಅದು ಹಂದಿಮರಿಯಂತೆ ಕಿರುಚುತ್ತಾ ಹಾದುಹೋಯಿತು. ಮೂರು ಸಾವಿರ ಜನ ಒಂದೊಂದೇ ಕಣ್ಣು ತೆರೆದರು. ಸಮಿತಿಯ ಕಾರ್ಯದರ್ಶಿ ಬ್ರದರ್ ಪೆನಿಂಗ್ಟನ್ ಎದ್ದು ಬಂದು ಗಾಡಿಯ ಜೊತೆಗೇ ಹೆಜ್ಜೆ ಹಾಕಿದರು.

"ಇದು ಚಕ್ರ ತಾನೇ, ಬ್ರದರ್ ಅಮೋಸ್?"

"ಹೌದು ಬ್ರದರ್."

"ಉರುಳ್ತಾ ಇದೆಯೋ?"

"ನೀವೂ ಒಂದು ಕೈ ಹಾಕಿದ್ರೆ ಇನ್ನೂ ಚೆನ್ನಾಗಿ ಉರುಳುತ್ತೆ."

ಪೆನಿಂಗ್ಟನ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹೆಬ್ಬಾಗಿಲಲ್ಲಿ ಲವೀನಿಯಾ ಸರಪಳಿ ಎತ್ತಿ ಹಿಡಿದಳು, ಗಾಡಿ ಅಡಿಯಿಂದ ನುಸುಳಿತು, ಅವರೂ ಹಿಂದೆಯೇ ಬಂದರು.

ಡಾಕ್ಟರು ಅಜ್ಜಿಗೆ ಉಪ್ಪುನೀರು ಕುಡಿಸಿದರು. ಅಜ್ಜಿ ಸಾರು, ಚಿಪ್ಪಿನ ಚೂರು ಎಲ್ಲವನ್ನೂ ಪೆನಿಂಗ್ಟನ್ನರ ಬಿಳಿ ಬೂಟಿನ ಮೇಲೆ ಕಕ್ಕಿ, ಎದ್ದು ಕೂತು, "ಊಟಕ್ಕೆ ಹೊತ್ತಾಯ್ತೇನೋ?" ಎಂದಳು.

ಮಧ್ಯಾಹ್ನ ಸಮಿತಿ ಸೇರಿತು. ಭಾನುವಾರ ವ್ಯವಹಾರ ನಿಷಿದ್ಧ, ಆದರೆ ಶಿಕ್ಷೆ ಕೊಡುವುದು ವ್ಯವಹಾರವಲ್ಲವಂತೆ. ಅಮೋಸ್‌ಗೆ ಕುರ್ಚಿ ಸಿಕ್ಕಿತು. ಲವೀನಿಯಾ ಬಾಗಿಲಲ್ಲಿ ನಿಂತಳು.

ಪೆನಿಂಗ್ಟನ್ ಒಂದು ಕಾಗದ ಬಿಚ್ಚಿದರು. "ಸಿಸ್ಟರ್ ಫೀಬಿ ನಿನ್ನೆ ಬರೆದು ಕೊಟ್ಟಿದ್ದು. ಈ ಬೇಸಿಗೆ ಮುಗಿದ ಮೇಲೆ ಅವರ ಗುಡಾರ ಪಟ್ಟಿಯ ಮೊದಲನೆಯವರಿಗೆ. ಈಗಿರೋ ಪ್ರಶ್ನೆ, ಬ್ರದರ್ ಅಮೋಸ್ ಮೊದಲನೆಯವರಾಗೇ ಇರ್ತಾರಾ ಅನ್ನೋದು."

ಅಮೋಸ್ ಕುರ್ಚಿಯ ಅಂಚಿಗೆ ಸರಿದ.

ಹಿರಿಯರು ಗಡ್ಡ ನೀವಿಕೊಂಡು ಯೋಚಿಸಿದರು. ಬ್ರದರ್ ಅಮೋಸನದು ದಯೆ. ದಯೆಯನ್ನು ಶಿಕ್ಷಿಸಬಾರದು. ಆದರೆ ಚಕ್ರ ಉರುಳಿದ್ದು ಸುಳ್ಳೇ? ತಪ್ಪು ಅಂದಮೇಲೆ ಯಾರದ್ದಾದರೂ ಆಗಬೇಕಲ್ಲ. ಗಾಡಿ ಯಾರದ್ದು?

"ಆ ಹೆಂಗಸು ನಾಳೆಯಿಂದ ಬೇಲಿಯೊಳಗೆ ಬರೋದು ಬೇಡ," ಎಂದು ಪೆನಿಂಗ್ಟನ್ ಬರೆದುಕೊಂಡರು. "ಬ್ರದರ್ ಅಮೋಸ್, ನಿಮ್ಮದೇನಾದ್ರೂ ಮಾತಿದೆಯಾ?"

ಚಕ್ರ ತಗೊಂಬಾ ಎಂದವನು ತಾನು. ನಾಲಿಗೆಯ ತುದಿಗೆ ಬಂದ ಮಾತು ಅದೊಂದೇ. ಲವೀನಿಯಾ ಅವನನ್ನೇ ನೋಡುತ್ತಿದ್ದಳು. ಮೇಜಿನ ಮೇಲಿನ ಕಾಗದವೂ ಅವನನ್ನೇ ನೋಡುತ್ತಿತ್ತು.

"ಇಲ್ಲ," ಎಂದ ಅಮೋಸ್.

"ಹಾಗಾದ್ರೆ ಮೊದಲನೇ ಸ್ಥಾನ ನಿಮ್ಮದೇ," ಎನ್ನುವಷ್ಟರಲ್ಲಿ ಫೀಬಿ ಅಜ್ಜಿ ಕೋಲೂರಿಕೊಂಡು ನುಗ್ಗಿದಳು. ನೇರ ಮೇಜಿಗೆ ಹೋಗಿ ಕಾಗದ ಎತ್ತಿಕೊಂಡು ನಾಲ್ಕು ಚೂರು ಮಾಡಿದಳು.

"ಇದನ್ನ ಯಾಕೆ ಬರ್ದಿದ್ದೆ ಗೊತ್ತೇನ್ರಪ್ಪಾ? ಒಬ್ಬಳೇ ಬಿದ್ದು ಸತ್ತರೆ ಕೇಳೋರು ಯಾರೂ ಇಲ್ಲ ಅನ್ನೋ ಭಯಕ್ಕೆ. ಈಗ ನನಗೆ ಅಮೋಸ್ ಸಿಕ್ಕಿದಾನೆ. ಇನ್ನು ಹತ್ತು ವರ್ಷ ನಾನು ಎಲ್ಲಿಗೂ ಹೋಗಲ್ಲ!"

ಸಮಿತಿ ಚಪ್ಪಾಳೆ ತಟ್ಟಿತು. ಅಜ್ಜಿ ಅಮೋಸನ ಕೆನ್ನೆ ಸವರಿದಳು. "ಲವೀನಿಯಾನ ಕೆಲಸದಿಂದ ಬಿಡಿಸಿದ್ದು ಹೊರಗೇ ಕೇಳಿಸ್ತು. ಹೋಗ್ಲಿ ಬಿಡು. ನೀನಿದೀಯಲ್ಲ, ಮಗಾ."

ಲವೀನಿಯಾ ಬಾಗಿಲಲ್ಲೇ ಸೊಂಟಕ್ಕೆ ಕಟ್ಟಿದ್ದ ಒಗೆತದ ಏಪ್ರನ್ ಬಿಚ್ಚಿದಳು. ಒಳಗೆ ಬಂದು, ಮಡಚಿ ಅಮೋಸನ ತೊಡೆಯ ಮೇಲಿಟ್ಟಳು.

"ಅಜ್ಜಿ ಹಾಸಿಗೆ ಬಟ್ಟೆ ಏಳು ಇವೆ," ಎಂದಳು. "ಉಪ್ಪುಗಾಳಿ. ಎರಡು ಸಲ ಹಿಂಡ್ಬೇಕು."